ಆಫೀಸರ್ ಆಗೋಕೆ ಯಾರ ಲೆಟರ್ ಬೇಕು?



ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಪ್ಪ ಅಂತ ನಮ್ಮ ಅಧ್ಯಕ್ಷರಣ್ಣ ಕೇಳಿದಾಗ ಬಾಬಾಸಾಹೇಬರ ಜೀವನ ಚರಿತ್ರೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದನ್ನು ಪ್ರತಿ ವರ್ಷ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಒಂದು ಮಾತು ನಡೆಯಿತು. ಆ ಮಾತಿನ ಹಿಂದೆ ಹೋದರೆ ದೊಡ್ಡ ಚರಿತ್ರೆಯೇ ಸಿಕ್ಕಿತು. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ನಮ್ಮಪ್ಪ ಆದೋನಿ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ಒಂದು ದಿನ ರಾತ್ರಿ ಉಣ್ಣುವಾಗ ನಾನು, "ಅಪ್ಪಾ, ಸಿಡಿಎಸ್ ಅಂತ ಒಂದು ಪರೀಕ್ಷೆ ಐತೆ, ಡಿಗ್ರಿ ಓದೋರು ಬರೀಬಹುದು, ಪಾಸಾದ್ರೆ ಮಿಲಿಟರಿಯಲ್ಲಿ ಆಫೀಸರ್ ಆಗ್ಬಹುದು" ಅಂದೆ. ಅಪ್ಪ ತುತ್ತು ನಿಲ್ಲಿಸಿ ಕೇಳಿದ್ದು ಒಂದೇ ಮಾತು. "ಯಾರ್ದು ಲೆಟರ್ ತಗಬೇಕು? ಎಮ್ಮೆಲ್ಲೇದಾ, ಎಂಪೀದಾ?"

ಯಾರದೂ ಬೇಡ ಅಂದರೆ ಅಪ್ಪ ನಂಬಲಿಲ್ಲ. "ಲೆಟರ್ ಇಲ್ದೆ ಅಂಥ ಕೆಲಸ ಯಾರು ಕೊಡ್ತಾರೆ ನಮ್ಗೆ?"

ನನಗೆ ನಗು ಬಂತು. ಆಮೇಲೆ ಯೋಚನೆ ಮಾಡಿದರೆ ಅಪ್ಪನ ಮಾತಿನಲ್ಲಿ ತಪ್ಪೇನಿದೆ? ಮನೆ ಜಾಗಕ್ಕೆ ಲೆಟರ್, ಪಿಂಚಣಿಗೆ ಲೆಟರ್, ದೊಡ್ಡಾಸ್ಪತ್ರೆಯಲ್ಲಿ ಬೆಡ್ ಸಿಗಬೇಕಾದರೆ ಯಾರಾದರೂ ಲೀಡರ್ ಹತ್ತಿರ ಫೋನು. ಕೇಂದ್ರೀಯ ವಿದ್ಯಾಲಯಗಳಲ್ಲಿ ಒಬ್ಬೊಬ್ಬ ಎಂಪಿಗೆ ವರ್ಷಕ್ಕೆ 10 ಸೀಟು ಶಿಫಾರಸು ಮಾಡುವ ಅಧಿಕಾರವೇ ಇತ್ತು, ಅದನ್ನು ತೆಗೆದದ್ದು ಮೊನ್ನೆ ಮೊನ್ನೆ, 2022ರಲ್ಲಿ. ಒಂದನೇ ಕ್ಲಾಸಿಗೇ ಲೆಟರ್ ಬೇಕಾಗಿದ್ದ ದೇಶದಲ್ಲಿ ಆಫೀಸರ್ ಕೆಲಸಕ್ಕೆ ಬೇಡ ಅಂದರೆ ಹಮಾಲಿ ಮಾಡುವ ಮನುಷ್ಯ ಹೇಗೆ ನಂಬಬೇಕು?

ಇದರಲ್ಲಿ ಇನ್ನೊಂದು ತಮಾಷೆ ಇದೆ. ಅಪ್ಪ ಹೇಳಿದ ಪದ್ಧತಿ ಇವತ್ತಿಗೂ ನಿಜವಾಗಿ ನಡೆಯುವ ದೇಶ ಒಂದಿದೆ. ಅದು ಅಮೆರಿಕಾ.

ಅಲ್ಲಿ ಭೂಸೇನೆಯ ಆಫೀಸರುಗಳನ್ನು ತಯಾರು ಮಾಡುವ ವೆಸ್ಟ್ ಪಾಯಿಂಟ್ ಅಕಾಡೆಮಿ 1802ರಲ್ಲಿ ಶುರುವಾಯಿತು. ನೌಕಾಸೇನೆಗೆ ಅನಾಪೊಲಿಸ್, ವಾಯುಸೇನೆಗೆ ಕೊಲರಾಡೋ ಸ್ಪ್ರಿಂಗ್ಸ್ ಆಮೇಲೆ ಬಂದವು. ಈ ಮೂರಕ್ಕೂ ಸೇರಬೇಕಾದ ಹುಡುಗ ಹುಡುಗಿಯರು ಸುಮ್ಮನೆ ಅರ್ಜಿ ಹಾಕಿದರೆ ಆಗುವುದಿಲ್ಲ, ನಾಮನಿರ್ದೇಶನ ಬೇಕು. ಸಾಮಾನ್ಯವಾಗಿ ಅದನ್ನು ಕೊಡುವವರು ತಮ್ಮ ಕ್ಷೇತ್ರದ ಪ್ರತಿನಿಧಿ, ಇಲ್ಲವೇ ತಮ್ಮ ರಾಜ್ಯದ ಸೆನೆಟರ್. ನಮ್ಮ ಲೆಕ್ಕದಲ್ಲಿ ಎಂಪಿಗಳು ಅಂತಿಟ್ಟುಕೊಳ್ಳಿ. ಒಬ್ಬೊಬ್ಬ ಎಂಪಿಯ ಲೆಕ್ಕದಲ್ಲಿ ಒಂದೊಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ 5 ಜನ ಓದುತ್ತಿರಬಹುದು. ಅದರಲ್ಲಿ ಒಂದು ಸೀಟು ಖಾಲಿಯಾದರೆ ಎಂಪಿ 15 ಹೆಸರಿನವರೆಗೆ ಕಳಿಸಬಹುದು. ಇವನೇ ನನ್ನ ಮೊದಲ ಆಯ್ಕೆ ಅಂತ ಗುರುತು ಮಾಡಿ ಕಳಿಸಬಹುದು, ಇಲ್ಲವೇ ಎಲ್ಲಾ ಹೆಸರು ಕೊಟ್ಟು ಯೋಗ್ಯರನ್ನು ನೀವೇ ಆರಿಸಿಕೊಳ್ಳಿ ಅಂತ ಅಕಾಡೆಮಿಗೇ ಬಿಡಬಹುದು. ಅನೇಕ ಎಂಪಿಗಳು ತಮ್ಮ ಊರಿನ ಹಿರಿಯರು, ಮೇಷ್ಟ್ರುಗಳು, ನಿವೃತ್ತ ಸೈನಿಕರನ್ನು ಕೂರಿಸಿ ಇಂಟರ್‌ವ್ಯೂ ಮಾಡಿಸುತ್ತಾರೆ. ಕೊನೆಗೆ ಸಹಿ ಮಾತ್ರ ಎಂಪಿಯದೇ. ಲೆಟರ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಮಾರ್ಕ್ಸು, ಮೈಕಟ್ಟು, ಮೆಡಿಕಲ್ಲು ಎಲ್ಲವನ್ನೂ ಅಕಾಡೆಮಿ ನೋಡುತ್ತದೆ. ಆದರೆ ಲೆಟರ್ ಇಲ್ಲದಿದ್ದರೆ ಆ ಪರೀಕ್ಷೆಗಳೆಲ್ಲ ಇದ್ದೂ ಇಲ್ಲದ ಹಾಗೆ.

ಇದನ್ನು ಕಾನೂನು ಮಾಡಿದ್ದು 1843ರಲ್ಲಿ. ಸೇನೆಯ ಆಫೀಸರುಗಳು ಬರೀ ದೊಡ್ಡ ಮನೆತನಗಳಿಂದ ಬರಬಾರದು, ದೇಶದ ಎಲ್ಲಾ ಕ್ಷೇತ್ರಗಳಿಂದ ಬರಬೇಕು ಅನ್ನುವುದು ಇದರ ಪರವಾದ ವಾದ. ಮಾತು ಚೆನ್ನಾಗಿದೆ. ಆದರೆ ಆ 1843ರಲ್ಲಿ ಆ ದೇಶದ ಕಪ್ಪು ಜನರಲ್ಲಿ ಹೆಚ್ಚಿನವರು ಗುಲಾಮರು. ಅವರಿಗೆ ಯಾವ ಕ್ಷೇತ್ರ, ಯಾವ ಎಂಪಿ?

ಗುಲಾಮಗಿರಿ ಹೋದ ಮೇಲೆ 1870ರಿಂದ ಕಪ್ಪು ಜನರು ಕಾಂಗ್ರೆಸ್ಸಿಗೆ ಆರಿಸಿ ಬರತೊಡಗಿದರು. (ಅಮೆರಿಕಾದಲ್ಲಿ ಕಾಂಗ್ರೆಸ್ ಅಂದರೆ ಪಾರ್ಲಿಮೆಂಟ್, ನಮ್ಮ ಪಕ್ಷ ಅಲ್ಲ.) ಅದೇ ಕಾಲದಲ್ಲಿ ಹೆನ್ರಿ ಫ್ಲಿಪ್ಪರ್ ಅನ್ನುವ ಹುಡುಗ ಅಟ್ಲಾಂಟಾದಲ್ಲಿ ಓದುತ್ತಿದ್ದ. 1856ರಲ್ಲಿ ಗುಲಾಮನಾಗಿ ಹುಟ್ಟಿದವನು. ಅವನು ತನ್ನ ಕ್ಷೇತ್ರದ ಬಿಳಿ ಎಂಪಿ ಜೇಮ್ಸ್ ಫ್ರೀಮನ್‌ಗೆ ತಾನಾಗಿಯೇ ಕಾಗದ ಬರೆದ. ಯೋಗ್ಯತೆ ಇದೆ ಅಂತ ತೋರಿಸಿದರೆ ಹೆಸರು ಕಳಿಸುತ್ತೇನೆ ಅಂತ ಉತ್ತರ ಬಂತು. 1873ರಲ್ಲಿ ಹೆಸರು ಹೋಯಿತು. 1877ರಲ್ಲಿ ಫ್ಲಿಪ್ಪರ್ ವೆಸ್ಟ್ ಪಾಯಿಂಟ್ ಮುಗಿಸಿದ ಮೊದಲ ಕಪ್ಪು ಆಫೀಸರ್ ಆದ. ನಾಲ್ಕು ವರ್ಷ ಅವನ ಜೊತೆ ಬೇರೆ ಹುಡುಗರು ಸ್ನೇಹದಿಂದ ಮಾತಾಡಲಿಲ್ಲ. 1882ರಲ್ಲಿ ಒಂದು ಕೇಸು ಹಾಕಿ ಸೇನೆಯಿಂದ ತೆಗೆದರು. ಅವನು ಸತ್ತದ್ದು 1940ರಲ್ಲಿ, ರಾಷ್ಟ್ರಾಧ್ಯಕ್ಷ ಕ್ಲಿಂಟನ್ ಕ್ಷಮಾಪಣೆಗೆ ಸಹಿ ಹಾಕಿದ್ದು 1999ರಲ್ಲಿ.

ಅವನ ನಂತರ 1887ರಲ್ಲಿ ಒಬ್ಬ, 1889ರಲ್ಲಿ ಇನ್ನೊಬ್ಬ ಕಪ್ಪು ಹುಡುಗ ಪಾಸಾದರು. ಅಲ್ಲಿಗೆ ಮುಗಿಯಿತು. ಮುಂದಿನವನು ಪಾಸಾದದ್ದು 1936ರಲ್ಲಿ. ನಡುವೆ 47 ವರ್ಷ! ಯಾಕೆ ಹೀಗಾಯಿತು? ನನಗೆ ಕಾಣುವ ದೊಡ್ಡ ಕಾರಣ ಇದು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಓಟನ್ನು ಕಿತ್ತುಕೊಂಡರು. 1901ರಲ್ಲಿ ಕೊನೆಯ ಕಪ್ಪು ಎಂಪಿ ಜಾರ್ಜ್ ವೈಟ್ ಮನೆಗೆ ಹೋದ. 1929ರಲ್ಲಿ ಶಿಕಾಗೋದಿಂದ ಆಸ್ಕರ್ ಡಿ ಪ್ರೀಸ್ಟ್ ಗೆದ್ದು ಬರುವವರೆಗೆ ಆ ಸಭೆಯಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯ ಇರಲಿಲ್ಲ. ಲೆಟರ್ ಬರೆಯುವ ಕೈ ನಮ್ಮದಲ್ಲದಿದ್ದರೆ ಲೆಟರಿನಲ್ಲಿ ನಮ್ಮ ಹೆಸರು ಬರುವುದು ಅಪರೂಪ. ಡಿ ಪ್ರೀಸ್ಟ್ ಬಂದ ಮೇಲೆ ಬೆಂಜಮಿನ್ ಡೇವಿಸ್ ಅನ್ನುವ ಹುಡುಗನ ಹೆಸರು ಕಳಿಸಿದ. ಡೇವಿಸ್ ಮೊದಲ ಸಲ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ, ಎರಡನೇ ಸಲ ಪಾಸಾಗಿ 1932ರ ಜುಲೈಯಲ್ಲಿ ಸೇರಿದ. ನಾಲ್ಕು ವರ್ಷ ಅವನಿಗೆ ರೂಮಿನಲ್ಲಿ ಜೊತೆಗಾರ ಇಲ್ಲ, ಊಟದಲ್ಲಿ ಮಾತಾಡುವವರಿಲ್ಲ. ಡ್ಯೂಟಿ ಮಾತು ಬಿಟ್ಟರೆ ಮೌನ. ಅಸ್ಪೃಶ್ಯತೆ ಅನ್ನುವ ಶಬ್ದ ಅವರ ಭಾಷೆಯಲ್ಲಿ ಇಲ್ಲದಿರಬಹುದು, ಆದರೆ ನಮ್ಮ ತಾತನ ಮುಂದೆ ಈ ಕಥೆ ಹೇಳಿದರೆ ಅವನಿಗೆ ವಿವರಣೆ ಬೇಕಾಗುವುದಿಲ್ಲ. 1936ರಲ್ಲಿ 276 ಜನರಲ್ಲಿ 35ನೆಯವನಾಗಿ ಹೊರಬಂದ. ಮುಂದೆ ಅಮೆರಿಕಾ ವಾಯುಸೇನೆಯ ಮೊದಲ ಕಪ್ಪು ಜನರಲ್ ಆದದ್ದು ಅವನೇ.

1932 ಅನ್ನುವ ಇಸವಿಯನ್ನು ನೆನಪಿಟ್ಟುಕೊಳ್ಳಿ, ಅಲ್ಲಿಗೇ ವಾಪಸ್ಸು ಬರುತ್ತೇನೆ. ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲೂ ಒಂದು ಕಾಲದಲ್ಲಿ ಲೆಟರಿನ ರಾಜ್ಯವೇ ನಡೆದಿತ್ತು.

ಬ್ರಿಟಿಷರ ಸೇನೆಯಲ್ಲಿ ಭಾರತೀಯ ಏರಬಹುದಾಗಿದ್ದ ಮೇಲಿನ ಮೆಟ್ಟಿಲು ಸುಬೇದಾರ್, ಸುಬೇದಾರ್ ಮೇಜರ್. ಮೂವತ್ತು ವರ್ಷ ಸರ್ವೀಸು ಮಾಡಿದ ಸುಬೇದಾರ ನಿನ್ನೆ ಮೊನ್ನೆ ಇಂಗ್ಲೆಂಡಿನಿಂದ ಬಂದಿಳಿದ, ಮೀಸೆ ಸರಿಯಾಗಿ ಬಾರದ ಲೆಫ್ಟಿನೆಂಟಿಗೆ ಸೆಲ್ಯೂಟ್ ಹೊಡೆಯಬೇಕಿತ್ತು. ಪೂರಾ ಆಫೀಸರ್ ಕಮಿಷನ್, ಅಂದರೆ ರಾಜನ ಹೆಸರಿನ ಕಮಿಷನ್, ಭಾರತೀಯರಿಗೆ ಕೊಡುತ್ತೇವೆ ಅಂತ ಒಪ್ಪಿಕೊಂಡದ್ದು 1917ರಲ್ಲಿ, ಮೊದಲನೇ ಮಹಾಯುದ್ಧದಲ್ಲಿ ಲಕ್ಷಾಂತರ ಜನ ನಮ್ಮವರು ಹೋದ ಮೇಲೆ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಕಾಲೇಜಿನಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸೀಟು ಇಟ್ಟರು. ಇಡೀ ಇಂಡಿಯಾಕ್ಕೆ ಹತ್ತು! ಆ ಹತ್ತಕ್ಕೆ ಹೆಸರು ಹೋಗುತ್ತಿದ್ದದ್ದು ಪ್ರಾಂತದ ಸರ್ಕಾರದ ಕೈಯಿಂದ, ಕೊನೆಯ ಆಯ್ಕೆ ವೈಸರಾಯ್‌ದು. ಹುಡುಗನ ಬುದ್ಧಿಗಿಂತ ಮೊದಲು ಅವನ ಮನೆತನ ನೋಡುತ್ತಿದ್ದರು. ಸರ್ಕಾರಕ್ಕೆ ನಿಷ್ಠರಾ, ಯುದ್ಧಕ್ಕೆ ಜನ ಕೊಟ್ಟವರಾ, ಇಂಗ್ಲೆಂಡಿನ ಖರ್ಚು ತಡೆಯುವ ಶಕ್ತಿ ಇದೆಯಾ. ಆ ಹುಡುಗರನ್ನು ತಯಾರು ಮಾಡಲಿಕ್ಕೆ 1922ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಶಾಲೆಯನ್ನೂ ತೆರೆದರು, ಈಗಿನ ಆರ್‌ಐಎಂಸಿ.

ಕನ್ನಡದವರು ಅಂದರೆ ನಮಗೆ ಥಟ್ಟನೆ ನೆನಪಾಗುವುದು ಕೊಡಗಿನ ಇಬ್ಬರು. ಕಾರಿಯಪ್ಪನವರು 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನ ತರಬೇತಿ ಮುಗಿಸಿ ಕಮಿಷನ್ ಪಡೆದರು, 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ತಿಮ್ಮಯ್ಯನವರು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಡೆಹ್ರಾಡೂನಿನ ಆ ಶಾಲೆಗೆ ಹೋಗಿ, ಅಲ್ಲಿಂದ ಸ್ಯಾಂಡ್‌ಹರ್ಸ್ಟಿಗೆ ಹೋದರು. ಕಾಫಿ ತೋಟದ ಮನೆತನ. ಅವರ ಶೌರ್ಯವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ, ಅವರ ಫೋಟೋ ನಮ್ಮ ಕಾಲೇಜಿನ ಎನ್‌ಸಿಸಿ ರೂಮಿನಲ್ಲೂ ಇದೆ, ನೋಡಿದರೆ ನನಗೂ ಎದೆ ಉಬ್ಬುತ್ತದೆ. ನಾನು ಕೇಳುವುದು ಬೇರೆ. ಅದೇ ವರ್ಷಗಳಲ್ಲಿ ನಮ್ಮ ಆದೋನಿಯ ಮಾದಿಗರ ಕೇರಿಯಲ್ಲೋ ಮಾಲರ ಕೇರಿಯಲ್ಲೋ ಅಷ್ಟೇ ಧೈರ್ಯದ ಹುಡುಗ ಹುಟ್ಟಿದ್ದರೆ ಅವನ ಹೆಸರು ಯಾರು ಕಳಿಸುತ್ತಿದ್ದರು?

ಆಗ ಆದೋನಿ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ ತಾಲೂಕು. ಬಳ್ಳಾರಿಯ ಸಾಹೇಬರ ಬಂಗಲೆಯ ಗೇಟಿನವರೆಗೆ ನಮ್ಮವರು ಹೋಗುತ್ತಿದ್ದರೆ ಅದು ಕುದುರೆ ನೋಡಿಕೊಳ್ಳಲಿಕ್ಕೆ, ಇಲ್ಲ ಕಸ ಹೊಡೆಯಲಿಕ್ಕೆ. ಅಂಗಳ ದಾಟಿ ನನ್ನ ಮಗನ ಹೆಸರು ಬರೆಯಿರಿ ದೊರೆ ಅಂತ ಕೇಳುವ ಅಪ್ಪನನ್ನು ನನಗೆ ಕಲ್ಪಿಸಿಕೊಳ್ಳಲಿಕ್ಕೂ ಆಗುವುದಿಲ್ಲ.

ಹಾಗಂತ ನಮ್ಮವರು ಸೈನ್ಯಕ್ಕೆ ಹೊಸಬರಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಮದ್ರಾಸು ಸೈನ್ಯದಲ್ಲಿ ಪರೆಯರು, ಬೊಂಬಾಯಿ ಸೈನ್ಯದಲ್ಲಿ ಮಹಾರರು ಬಂದೂಕು ಹಿಡಿದಿದ್ದರು. 1818ರ ಜನವರಿ 1ರ ಕೋರೆಗಾಂವ್ ನಿಮಗೆ ಹೇಳಬೇಕಾಗಿಲ್ಲ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ಸೇನೆಯ ಶಾಲೆಯಲ್ಲಿ ಹೆಡ್‌ಮಾಸ್ಟರು. ಬಾಬಾಸಾಹೇಬರು ಹುಟ್ಟಿದ ಮಹೂ ಒಂದು ದಂಡಿನ ಊರು. ಆ ಮನೆಗೆ ಅಕ್ಷರ ಬಂದದ್ದು ಸೈನ್ಯದಿಂದ.

ಆಮೇಲೆ ಬ್ರಿಟಿಷರು ಯುದ್ಧದ ಜಾತಿಗಳು, ಯುದ್ಧಕ್ಕೆ ಬಾರದ ಜಾತಿಗಳು ಅಂತ ವಿಂಗಡಣೆ ಶುರು ಮಾಡಿದರು. ಅದನ್ನು ಜೋರಾಗಿ ನಡೆಸಿದವನು ಲಾರ್ಡ್ ರಾಬರ್ಟ್ಸ್. ಅವನು ಮೊದಲು ಮದ್ರಾಸು ಸೈನ್ಯದ ಮುಖ್ಯಸ್ಥನಾಗಿದ್ದವನು, ಆಮೇಲೆ 1885ರಿಂದ 1893ರವರೆಗೆ ಇಡೀ ಇಂಡಿಯಾ ಸೈನ್ಯದ ಮುಖ್ಯಸ್ಥ. ದಕ್ಷಿಣದವರು ಮೆತ್ತಗಾಗಿದ್ದಾರೆ, ಪಂಜಾಬಿನ ಕಡೆಯವರು, ಗೂರ್ಖರು ಗಟ್ಟಿ ಅನ್ನುವುದು ಅವನ ಲೆಕ್ಕ. ಮದ್ರಾಸು ಪಲ್ಟನ್ನುಗಳು ಒಂದೊಂದಾಗಿ ಕರಗಿದವು. 1892ರಲ್ಲಿ ಮಹಾರರ ಭರ್ತಿ ನಿಂತಿತು. ನಿವೃತ್ತ ಹವಾಲ್ದಾರ ಗೋಪಾಲ ಬಾಬಾ ವಲಂಗಕರ್ ಅವರು ನಮ್ಮನ್ನು ಯಾಕೆ ಬಿಟ್ಟಿರಿ ಅಂತ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆಯವರ ಅರ್ಜಿ ಹೋಯಿತು. ಮೊದಲನೇ ಮಹಾಯುದ್ಧದಲ್ಲಿ ಜನ ಸಾಲದೆ 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, ಕೆಲಸ ಮುಗಿದ ಮೇಲೆ 1921ರಲ್ಲಿ ಮುರಿದರು. ಕೂಲಿ ಇದ್ದಾಗ ಕರೆದು ಕೂಲಿ ಮುಗಿದಾಗ ಕಳಿಸುವುದು ನಮ್ಮ ಮಾರ್ಕೆಟ್ ಯಾರ್ಡಿನಲ್ಲೂ ಇರುವುದೇ.

ಸಿಪಾಯಿಯಾಗಿಯೇ ಬೇಡ ಅಂದ ಮೇಲೆ ಆಫೀಸರ್ ಮಾತು ಎಲ್ಲಿಂದ ಬರಬೇಕು?

ಸ್ಯಾಂಡ್‌ಹರ್ಸ್ಟಿನ ಹತ್ತು ಸೀಟಿನ ಬಗ್ಗೆ ದೇಶದ ನಾಯಕರಲ್ಲೂ ಅಸಮಾಧಾನ ಇತ್ತು. 1925ರಲ್ಲಿ ಸ್ಕೀನ್ ಅನ್ನುವ ಜನರಲ್‌ನ ಕೆಳಗೆ ಕಮಿಟಿ ಆಯಿತು, ಅದರಲ್ಲಿ ಜಿನ್ನಾ ಇದ್ದರು, ಮೋತಿಲಾಲ್ ನೆಹರೂ ಇದ್ದು ಆಮೇಲೆ ಬಿಟ್ಟರು. ಸೀಟು ಹೆಚ್ಚಿಸಿ, ಇಂಡಿಯಾದಲ್ಲೇ ಒಂದು ಸ್ಯಾಂಡ್‌ಹರ್ಸ್ಟ್ ಮಾಡಿ ಅಂತ ಆ ಕಮಿಟಿ ಹೇಳಿತು. ಸರ್ಕಾರ ಪೂರಾ ಒಪ್ಪಲಿಲ್ಲ. ವಿಷಯ ಮತ್ತೆ ಎದ್ದದ್ದು ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ. ಅಲ್ಲಿ ರಕ್ಷಣೆಯ ಉಪಸಮಿತಿ ಕೂತಾಗ ಬಾಬಾಸಾಹೇಬರು ಒಂದು ಮಾತು ಸೇರಿಸಬೇಕು ಅಂತ ಹಿಡಿದರು. ಸೇನೆಯ ಭರ್ತಿ ಅಸ್ಪೃಶ್ಯರನ್ನೂ ಸೇರಿಸಿ ಎಲ್ಲಾ ಜನರಿಗೂ ತೆರೆಯಬೇಕು, ನೋಡಬೇಕಾದದ್ದು ಸಾಮರ್ಥ್ಯ ಮಾತ್ರ. ಬೇರೆಯವರೆಲ್ಲ ಆಫೀಸರುಗಳು ಭಾರತೀಯರಾಗಬೇಕು ಅಂತ ಕೇಳುತ್ತಿದ್ದಾಗ, ಯಾವ ಭಾರತೀಯರು ಅಂತ ಕೇಳಿದವರು ಅವರು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಪರಿಷತ್ತಿಗೆ ಬಾಬಾಸಾಹೇಬರನ್ನು ಕರೆಸಿದ್ದೇ ಸರ್ಕಾರ. ಅವರು ಬೊಂಬಾಯಿ ಕೌನ್ಸಿಲ್ಲಿಗೆ ಹೋದದ್ದೂ ಗವರ್ನರನ ನಾಮನಿರ್ದೇಶನದಿಂದ. ಮದ್ರಾಸಿನ ಎಂ. ಸಿ. ರಾಜಾ ಅವರು 1927ರಲ್ಲಿ ದೆಹಲಿಯ ಅಸೆಂಬ್ಲಿಗೆ ಹೋದದ್ದೂ ಹಾಗೆಯೇ. ಅಂದರೆ ನಮ್ಮ ಪ್ರತಿನಿಧಿಗಳೇ ಇನ್ನೊಬ್ಬರ ಲೆಟರಿನ ಮೇಲೆ ಕೂತಿದ್ದರು. ಡಿ ಪ್ರೀಸ್ಟ್‌ನ ಹಾಗೆ ತಮ್ಮ ಜನರ ಓಟಿನಿಂದ ಗೆದ್ದು, ತಮ್ಮ ಹುಡುಗನ ಹೆಸರಿಗೆ ತಾವೇ ಸಹಿ ಹಾಕುವ ಸ್ಥಾನ ಅವರಿಗಿರಲಿಲ್ಲ. ಆ ಸ್ಥಾನಕ್ಕಾಗಿಯೇ ಅವರು ಲಂಡನ್ನಿನಲ್ಲಿ ಜಗಳ ಮಾಡುತ್ತಿದ್ದದ್ದು.

ಈಗ 1932ಕ್ಕೆ ಬನ್ನಿ. ಜುಲೈಯಲ್ಲಿ ಡೇವಿಸ್ ವೆಸ್ಟ್ ಪಾಯಿಂಟ್ ಸೇರಿದ. ಸೆಪ್ಟೆಂಬರ್ 24ರಂದು ಯೆರವಡಾ ಜೈಲಿನಲ್ಲಿ ಪೂನಾ ಒಪ್ಪಂದಕ್ಕೆ ಸಹಿ ಬಿತ್ತು, ಪ್ರಾಂತಗಳ ಸಭೆಗಳಲ್ಲಿ ನಮಗೆ 148 ಸೀಟು, ಆದರೆ ಪ್ರತ್ಯೇಕ ಮತದಾನ ಇಲ್ಲ. ಅದಾಗಿ ಒಂದೇ ವಾರಕ್ಕೆ, ಅಕ್ಟೋಬರ್ 1ರಂದು, ಡೆಹ್ರಾಡೂನಿನಲ್ಲಿ ಇಂಡಿಯನ್ ಮಿಲಿಟರಿ ಅಕಾಡೆಮಿ ಶುರುವಾಯಿತು. ಈ ಮೂರು ತಾರೀಖುಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ನಮ್ಮ ಪಠ್ಯಪುಸ್ತಕದಲ್ಲಿ ಎರಡನೆಯದು ಮಾತ್ರ ಇದೆ.

ಅಕಾಡೆಮಿಯ ಮೊದಲ ತಂಡದಲ್ಲಿ 40 ಮಂದಿ. ಅದರಲ್ಲಿ 15 ಸೀಟು ಬಹಿರಂಗ ಪರೀಕ್ಷೆಗೆ, 15 ಆಗಲೇ ಸೇನೆಯಲ್ಲಿದ್ದ ಸೈನಿಕರಿಗೆ, 10 ರಾಜರ ಸಂಸ್ಥಾನಗಳ ಸೇನೆಗಳಿಗೆ. ಮುಂದೆ ಫೀಲ್ಡ್ ಮಾರ್ಷಲ್ ಆದ ಮಾಣೆಕ್‌ಶಾ ಆ ತಂಡದವರು. ಲೆಟರಿನ ಕಾಲ ಹೋಗಿ ಪರೀಕ್ಷೆಯ ಕಾಲ ಬಂತು ಅಂತ ಚರಿತ್ರೆಕಾರರು ಹೇಳಬಹುದು. ಆದರೆ ನಮ್ಮ ಕಡೆಯಿಂದ ಲೆಕ್ಕ ಹಾಕಿ ನೋಡಿ. ಸೇನೆಯಲ್ಲಿರುವವರಿಗೆ 15, ಆದರೆ ಸೇನೆ ನಮ್ಮನ್ನು ತೆಗೆದುಕೊಳ್ಳುತ್ತಿರಲಿಲ್ಲ. ಸಂಸ್ಥಾನಗಳಿಗೆ 10, ಅಲ್ಲಿ ರಾಜರ ಬಳಗ. ಉಳಿದ 15ಕ್ಕೆ ಪರೀಕ್ಷೆ ಇಂಗ್ಲಿಷಿನಲ್ಲಿ, ಗೆದ್ದರೂ ಫೀಸು ಕಟ್ಟಬೇಕು. ಬಾಗಿಲು ಮೂರಿದ್ದವು, ನಮಗೆ ಮೂರೂ ಗೋಡೆ.

ಆದರೂ ಪರೀಕ್ಷೆ ಅನ್ನುವುದು ಲೆಟರಿಗಿಂತ ದೊಡ್ಡ ಸಂಗತಿ ಅಂತಲೇ ನಾನು ಹೇಳುತ್ತೇನೆ. ಲೆಟರ್ ಬರೆಯುವವನು ಸತ್ತರೆ, ಸೋತರೆ, ಮುಖ ತಿರುಗಿಸಿದರೆ ಮುಗಿಯಿತು, ಅಮೆರಿಕಾದ 47 ವರ್ಷ ಅದಕ್ಕೆ ಸಾಕ್ಷಿ. ಪರೀಕ್ಷೆ ಹಾಗಲ್ಲ, ಒಂದಲ್ಲ ಒಂದು ದಿನ ಓದಿದವನ ಕೈಗೆ ಬರುತ್ತದೆ.

ಸಿಪಾಯಿಯ ಬಾಗಿಲನ್ನು ಮತ್ತೆ ತೆರೆಸಿದ್ದೂ ಬಾಬಾಸಾಹೇಬರೇ. 1941ರಲ್ಲಿ ವೈಸರಾಯ್‌ನ ರಕ್ಷಣಾ ಸಲಹೆಯ ಸಮಿತಿಯಲ್ಲಿ ಕೂತು ಒತ್ತಾಯ ಮಾಡಿದರು. ಆ ವರ್ಷದ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಪಲ್ಟನ್ ಹುಟ್ಟಿತು. ಎಲ್ಲಿ ಅಂದುಕೊಂಡಿರಿ? ನಮ್ಮ ಬೆಳಗಾವಿಯಲ್ಲಿ. (ಅಕ್ಟೋಬರ್ 1ಕ್ಕೂ ನಮಗೂ ಏನೋ ನಂಟಿದೆ. 1953ರಲ್ಲಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಬಳ್ಳಾರಿಯಿಂದ ಬಿಡಿಸಿ ಆಂಧ್ರಕ್ಕೆ ಸೇರಿಸಿದ್ದೂ ಅದೇ ದಿನ. ನಾವು ಕನ್ನಡ ಮಾತಾಡುತ್ತಾ ಕರ್ನೂಲು ಜಿಲ್ಲೆಯವರಾದದ್ದು ಹೀಗೆ.)

ಸ್ವಾತಂತ್ರ್ಯ ಬಂದ ಮೇಲೆ ಬಡವರ ಮಕ್ಕಳೂ ಆಫೀಸರ್ ಆಗಲಿ ಅಂತ ಸೈನಿಕ ಶಾಲೆಗಳನ್ನು ಮಾಡಿದರು. ಆಂಧ್ರದ ಕೋರುಕೊಂಡ ಸೈನಿಕ ಶಾಲೆ ತೆರೆದದ್ದು 1962ರ ಜನವರಿಯಲ್ಲಿ. ಆಗ ಮುಖ್ಯಮಂತ್ರಿ ಯಾರು ಗೊತ್ತೇ? ನಮ್ಮ ಕರ್ನೂಲು ಜಿಲ್ಲೆಯ ಪೆದ್ದಪಾಡಿನ ದಾಮೋದರಂ ಸಂಜೀವಯ್ಯನವರು, ದೇಶದ ಮೊದಲ ದಲಿತ ಮುಖ್ಯಮಂತ್ರಿ. ಸೈನಿಕ ಶಾಲೆಗಳಲ್ಲಿ ಎಸ್‌ಸಿ ಮಕ್ಕಳಿಗೆ 15 ಪರ್ಸೆಂಟ್, ಎಸ್‌ಟಿ ಮಕ್ಕಳಿಗೆ 7.5 ಪರ್ಸೆಂಟ್ ಸೀಟು ಇದೆ. ಆರನೇ ಕ್ಲಾಸಿನ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ತೆಲುಗಿನಲ್ಲೂ ಬರೆಯಬಹುದು. ಈಗ ಹೆಣ್ಣುಮಕ್ಕಳಿಗೂ ಪ್ರವೇಶ ಇದೆ. ಇದನ್ನು ಓದುತ್ತಿರುವ ಅಕ್ಕಂದಿರು, ಅಣ್ಣಂದಿರು ದಯವಿಟ್ಟು ಗಮನಿಸಿ, ವಯಸ್ಸು 10ರಿಂದ 12ರ ಒಳಗಿರಬೇಕು. ನನಗೆ ಈ ಶಾಲೆಯ ಹೆಸರು ತಿಳಿದಾಗ ನನ್ನ ವಯಸ್ಸು 19.

ಗಡಿಯವರ ಪಾಡು ಇಲ್ಲೂ ಇದೆ. ಈ ಶಾಲೆಗಳಲ್ಲಿ 67 ಪರ್ಸೆಂಟ್ ಸೀಟು ಆಯಾ ರಾಜ್ಯದವರಿಗೆ. ನಮಗೆ ಕನ್ನಡ ನಾಡಿನ ವಿಜಯಪುರ ಸೈನಿಕ ಶಾಲೆ ಕೋರುಕೊಂಡಕ್ಕಿಂತ ಎಷ್ಟೋ ಹತ್ತಿರ, ಆದರೆ ಅಲ್ಲಿ ನಾವು ಹೊರಗಿನವರು. ನಮ್ಮದು ಅನ್ನಿಸಿಕೊಳ್ಳುವ ಕೋರುಕೊಂಡ ವಿಜಯನಗರಂ ಜಿಲ್ಲೆಯಲ್ಲಿ, ರಾಜ್ಯದ ಆ ಕೊನೆಯಲ್ಲಿ. ಕಲಿಕಿರಿಯಲ್ಲಿ 2014ರಲ್ಲಿ ಇನ್ನೊಂದು ಆಗಿದೆ, ಅದೊಂದು ಸಮಾಧಾನ.

ಈಗಿನ ವಿಷಯಕ್ಕೆ ಬರುತ್ತೇನೆ. ಇಂಟರ್ ಆದವರಿಗೆ ಎನ್‌ಡಿಎ, ಡಿಗ್ರಿಯವರಿಗೆ ಸಿಡಿಎಸ್, ಎರಡನ್ನೂ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಎಸ್‌ಸಿ, ಎಸ್‌ಟಿಯವರಿಗೆ ಮತ್ತು ಹೆಣ್ಣುಮಕ್ಕಳಿಗೆ ಅರ್ಜಿ ಫೀಸು ಇಲ್ಲ. ಬರಹದ ಪರೀಕ್ಷೆ ಪಾಸಾದವರಿಗೆ ಎಸ್‌ಎಸ್‌ಬಿ ಅಂತ ಐದು ದಿನದ ಪರೀಕ್ಷೆ, ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ. ಮೊದಲ ಸಲ ಹೋಗುವವರಿಗೆ ರೈಲಿನ ಖರ್ಚನ್ನು ಸರ್ಕಾರವೇ ಕೊಡುತ್ತದೆ. ಆಮೇಲೆ ಮೆಡಿಕಲ್. ಎಲ್ಲೂ ಯಾರ ಲೆಟರೂ ಇಲ್ಲ. ಮೀಸಲಾತಿಯೂ ಇಲ್ಲ, ಅದು ಬೇರೆ ಚರ್ಚೆ, ಸಂಘದ ಸಭೆಯಲ್ಲಿ ಮಾತಾಡೋಣ. ಚೆನ್ನೈನ ಓಟಿಎಗೆ ಹೋಗುವವರು ಇಂಗ್ಲಿಷ್, ಸಾಮಾನ್ಯ ಜ್ಞಾನ ಎರಡೇ ಪೇಪರ್ ಬರೆದರೆ ಸಾಕು, ಗಣಿತ ಬೇಡ. ನನ್ನಂಥ ಬಿಎ ಹುಡುಗರಿಗೆ ಅದೇ ದಾರಿ. ಎನ್‌ಸಿಸಿ 'ಸಿ' ಸರ್ಟಿಫಿಕೇಟ್ ಇದ್ದವರಿಗೆ ಇನ್ನೂ ಒಂದು ದಾರಿ ಇದೆ, ಬರಹದ ಪರೀಕ್ಷೆಯೇ ಇಲ್ಲದೆ ಎಸ್‌ಎಸ್‌ಬಿಗೆ ಹೋಗಬಹುದು. ನಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಅಂದರೆ ಆಗಸ್ಟ್ 15ರ ಪೆರೇಡು, ಆಮೇಲೆ ಇಡ್ಲಿ ಅನ್ನುವಷ್ಟೇ ತಿಳುವಳಿಕೆ ನಮ್ಮ ಹುಡುಗರಲ್ಲಿದೆ.

ಬಾಗಿಲು ತೆರೆದಿದೆ, ಸರಿ. ಆದರೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನಿಗೆ ಆ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್, ಹಿಂದಿ ಎರಡರಲ್ಲೇ. ಅಗ್ನಿವೀರ್ ಭರ್ತಿ ಅಂದರೆ ನಮ್ಮ ಕೇರಿಯಿಂದ ಹುಡುಗರು ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಓಡುವುದನ್ನು ನೀವೆಲ್ಲ ನೋಡಿದ್ದೀರಿ. ನಾಲ್ಕು ವರ್ಷದ ಕೆಲಸ, ಆಮೇಲೆ ನೂರಕ್ಕೆ 25 ಜನರವರೆಗೆ ಉಳಿಸಿಕೊಳ್ಳುತ್ತಾರೆ. ಅವರಲ್ಲಿ ಒಬ್ಬನನ್ನು, ನನಗಿಂತ ಎರಡು ಪಟ್ಟು ಚುರುಕಾದವನನ್ನು, ನೀನು ಸಿಡಿಎಸ್ ಯಾಕೆ ಬರೀಬಾರ್ದು ಅಂತ ಕೇಳಿದೆ. "ಅದು ದೊಡ್ಡೋರ ಮಕ್ಕಳಿಗೆ ಅಲ್ವಾ ಅಣ್ಣಾ" ಅಂದ. 1918ರಲ್ಲಿ ಆ ಮಾತು ನಿಜವಾಗಿತ್ತು. ಈಗ ಕಾಗದದ ಮೇಲೆ ನಿಜವಲ್ಲ, ಆದರೆ ಅವನ ತಲೆಯಲ್ಲಿ ಇನ್ನೂ ನಿಜವಾಗಿಯೇ ಇದೆ. ಅವನಿಗೆ ಹೇಳುವವರು ಯಾರು?

ಇಲ್ಲಿ ಮಾತ್ರ ಅಮೆರಿಕಾದ ಪದ್ಧತಿಯಲ್ಲಿ ಒಂದು ಒಳ್ಳೆಯದು ನನಗೆ ಕಾಣುತ್ತದೆ. ಅಲ್ಲಿ ಎಂಪಿಯ ಆಫೀಸಿನಲ್ಲಿ ಈ ಕೆಲಸಕ್ಕೆ ಅಂತ ಒಬ್ಬರು ಇರುತ್ತಾರೆ, ಶಾಲೆಗಳಿಗೆ ತಿಳಿಸುತ್ತಾರೆ, ಹುಡುಗರನ್ನು ಕರೆಸಿ ಮಾತಾಡುತ್ತಾರೆ. ಕಪ್ಪು ಹುಡುಗರ ಹೆಸರು ಯಾಕೆ ಕಡಿಮೆ ಕಳಿಸಿದಿರಿ ಅಂತ ಅವರನ್ನು ಕೇಳಬಹುದು, ಕೇಳುವವರು ಇದ್ದಾರೆ. ನಮ್ಮಲ್ಲಿ ಯಾರೂ ತಡೆಯುವುದಿಲ್ಲ, ಯಾರೂ ಹುಡುಕುವುದೂ ಇಲ್ಲ. ಆದೋನಿಯಿಂದ ಒಬ್ಬನೂ ಹೋಗಲಿಲ್ಲ ಅಂದರೆ ಯಾರನ್ನು ಕೇಳಬೇಕು? ನನಗೆ ಲೆಟರ್ ಬೇಡ, ಆದರೆ ಹುಡುಕುವವರು ಬೇಕು. ಸರ್ಕಾರ ಮಾಡುವವರೆಗೆ ನಮ್ಮ ಸಂಘವೇ ಮಾಡಬಹುದು. ಐದನೇ ಕ್ಲಾಸಿನ ಮಕ್ಕಳ ಪಟ್ಟಿ, ಇಂಟರ್ ಹುಡುಗ ಹುಡುಗಿಯರ ಪಟ್ಟಿ, ಎನ್‌ಸಿಸಿಯಲ್ಲಿರುವವರ ಪಟ್ಟಿ, ಮೂರು ನೋಟ್‌ಬುಕ್ಕು ಸಾಕು. ಒಂದನ್ನು ನಾನು ಶುರು ಮಾಡಿದ್ದೇನೆ, ಸದ್ಯ 11 ಹೆಸರಿವೆ.

ನನ್ನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ಉಪದೇಶ ಆಗುತ್ತದೆ. ಮೊದಲ ಸಲ ಬರೆದೆ, ಇಂಗ್ಲಿಷಿನಲ್ಲಿ ಹೋಯಿತು. ಡೇವಿಸ್ ಕೂಡ ಮೊದಲ ಸಲ ಫೇಲಾಗಿದ್ದ ಅಂತ ಅಮ್ಮನಿಗೆ ಹೇಳಿದರೆ "ಅವ್ನು ಯಾರೋ, ನೀನು ಓದ್ಕೋ" ಅಂದಳು. ಎರಡನೇ ಸಲಕ್ಕೆ ಮೊನ್ನೆ ಬಸ್‌ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಫಾರ್ಮ್ ತುಂಬಿದೆ. ಅಪ್ಪನೂ ಜೊತೆಗೆ ಬಂದಿದ್ದ. ಪ್ರಿಂಟ್ ತೆಗೆದು ಕೈಗೆ ಕೊಟ್ಟೆ. ಓದಲಿಕ್ಕೆ ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಾಗೆ ಸಹಿ ಯಾರ್ದು?" ಅಂದ.

"ನಂದೇ ಅಪ್ಪಾ."